ಚಪ್ಪರದ ಹೊರಗೆ ಕೂತವಳು

"ಅಜ್ಜಾರ, ಓದಾಕ ಬರಲಾರದ ಹುಡುಗೀನ ಶಾಲ್ಯಾಗ ಇಟ್ಕೊಳ್ಳೋದು ಧರ್ಮೋ, ಮನಿಗೆ ಕಳಸೋದು ಧರ್ಮೋ?"

ಮಠದ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ರಾಚಯ್ಯ ಹೀಗೆ ಕೇಳಿದ. ಅವನ ಕಂಕುಳಲ್ಲಿ ಹಾಜರಿ ಪುಸ್ತಕವಿತ್ತು. ಹೊರಗೆ ಕಟ್ಟೆಯ ಮೇಲೆ ಲಂಬಾಣಿ ತಾಂಡಾದಿಂದ ಬಂದ ಒಬ್ಬ ತಂದೆ ಕುಳಿತಿದ್ದ. ಪಕ್ಕದಲ್ಲಿ ಅವನ ಮಗಳು ಜಮಲಿ, ಅವಳ ತೊಡೆಯ ಮೇಲೆ ಬಟ್ಟೆಯ ಗಂಟು. ಮಧ್ಯಾಹ್ನದ ಬಸ್ಸಿಗೆ ಮುಂಚೆ ಅವರಿಗೆ ಉತ್ತರ ಬೇಕಾಗಿತ್ತು. ಹೆಸರು ತೆಗೆದರೆ ಅವಳು ಕಬ್ಬು ಕಡಿಯುವವರ ಜೊತೆ ಹೊರಡುತ್ತಾಳೆ. ಹಾಗೆ ಹೋದ ಮಗು ಮತ್ತೆ ಬಂದು ಪಾಟಿ ಹಿಡಿದದ್ದನ್ನು ಆ ಮಠ ಕಂಡಿರಲಿಲ್ಲ.

ರಾಚಯ್ಯ ತನ್ನ ಕಷ್ಟ ಹೇಳಿಕೊಂಡ. ಮೂರು ವರ್ಷ ಗಂಟಲು ಹರಿದುಕೊಂಡು ಕಲಿಸಿದ್ದಾನೆ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿದೆ. ಅಕ್ಷರ ಕೇಳಿದರೆ ಹುಡುಗಿ ಬೆರಳಿಟ್ಟು ತೋರಿಸುತ್ತಾಳೆ. ಸಾಲು ಕೊಟ್ಟರೆ ಎರಡು ಪದ ಓದಿ ನಿಂತುಬಿಡುತ್ತಾಳೆ. ಆಮೇಲೆ ಏನು ಮಾಡಿದರೂ ತುಟಿ ಪಿಟಕ್ಕೆನ್ನುವುದಿಲ್ಲ. ಅಷ್ಟರಲ್ಲಿ ಉಳಿದ ಮಕ್ಕಳು ಪುಟ ದಾಟಿರುತ್ತಾರೆ. ಒಬ್ಬಳಿಗಾಗಿ ನಲವತ್ತು ಮಂದಿಯನ್ನು ನಿಲ್ಲಿಸಿಕೊಳ್ಳುವುದು ಯಾವ ನ್ಯಾಯ ಎಂದು ಅವನು ಕೇಳಿದ. ಅವನಿಗೂ ಆ ಹುಡುಗಿಯ ಮೇಲೆ ಕರುಣೆಯಿತ್ತು.

ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿದೆ, ಕುಳಿತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ರಾಜ್ಯ. ಅದರ ಅಂಚಿನಲ್ಲಿ ಒಂದು ಹೊಳೆ. ಹೊಳೆಯ ದಡದ ಜನರ ಮಾತು ಬೇರೆ, ಅರಮನೆಯ ಮಾತು ಬೇರೆ. ಸಂಕ್ರಾಂತಿ ಕಳೆದು ನೀರು ಇಂಗಿ ಮರಳು ತೇಲಿತೆಂದರೆ ಆ ಜನ ಹೆಂಡಿರು ಮಕ್ಕಳ ಸಮೇತ ಮರಳಿಗೆ ಇಳಿಯುತ್ತಿದ್ದರು. ಅಲ್ಲೇ ಗುಡಿಸಲು, ಅಲ್ಲೇ ಒಲೆ. ಮರಳಿನಲ್ಲಿ ಗುಣಿ ತೋಡಿ ಕಲ್ಲಂಗಡಿ ಬೀಜ ಊರುತ್ತಿದ್ದರು. ಒರತೆಯ ನೀರನ್ನು ಕೊಡದಲ್ಲಿ ಹೊತ್ತು ಬಳ್ಳಿಗೆ ಹುಯ್ಯುತ್ತಿದ್ದರು. ಬೇಸಿಗೆಯ ಕೊನೆಗೆ ಹಣ್ಣು ಕಿತ್ತು ದಡ ಹತ್ತುತ್ತಿದ್ದರು.

ಹೊಳೆಯ ಮೇಲ್ಗಡೆ ಅರಸ ಕಟ್ಟಿಸಿದ ದೊಡ್ಡ ಕೆರೆಯಿತ್ತು. ಅದರ ತೂಬು ತೆರೆದರೆ ನೀರು ಈ ಮರಳಿನ ಮೇಲೆಯೇ ಹಾಯಬೇಕು. ಆದ್ದರಿಂದ ನಾಲ್ಕು ದಿನ ಮೊದಲೇ ಅರಮನೆಯಿಂದ ಡಂಗುರದವನು ಬರುತ್ತಿದ್ದ. ಅವನ ಜೊತೆ ಎರಡೂ ಮಾತು ಬಲ್ಲ ಒಬ್ಬ ಮುದುಕ ಬರುತ್ತಿದ್ದ. ಡಂಗುರದವನು ಸಾರುತ್ತಿದ್ದ, ಮುದುಕ ಅದನ್ನು ಅವರ ಮಾತಿನಲ್ಲಿ ಹೇಳುತ್ತಿದ್ದ. ಜನ ಗಂಟುಮೂಟೆ ಕಟ್ಟಿ ಎದ್ದುಹೋಗುತ್ತಿದ್ದರು. ಎಷ್ಟೋ ವರ್ಷ ಹೀಗೆ ನಡೆಯಿತು. ಅಷ್ಟು ವರ್ಷದಲ್ಲಿ ಒಂದು ಕೋಳಿಯೂ ತೇಲಿಹೋಗಲಿಲ್ಲ.

ಅಲ್ಲಿಗೆ ಅರಸ ಒಬ್ಬ ಉಪಾಧ್ಯಾಯನನ್ನು ಕಳುಹಿಸಿದ. ಉಪಾಧ್ಯಾಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು. ದಡದ ಮೇಲೆ ತನ್ನ ಕೈಯಾರೆ ಚಪ್ಪರ ಹಾಕಿದ. ಮೈಯಲ್ಲಿ ಹುಷಾರಿಲ್ಲದ ದಿನವೂ ಪಾಠ ತಪ್ಪಿಸಲಿಲ್ಲ. ಈ ಮಕ್ಕಳು ಓದು ಕಲಿತು ಅರಮನೆಯ ಬಾಗಿಲಿಗೆ ತಲೆ ಎತ್ತಿ ಹೋಗಬೇಕು ಎಂಬುದು ಅವನ ಆಸೆ. ಅದಕ್ಕಾಗಿ ಒಂದು ಕಟ್ಟುಪಾಡು ಮಾಡಿದ. ಚಪ್ಪರದ ನೆರಳಿನಲ್ಲಿ ಅರಮನೆಯ ಮಾತು ಮಾತ್ರ. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಎಂದು ಅವನು ನಂಬಿದ್ದ. ಮನೆಯ ಮಾತು ಆಡಿದ ಮಗು ಎದ್ದು ಚಪ್ಪರದ ಹೊರಗೆ, ಬಿಸಿಲಿನಲ್ಲಿ ಕೂರಬೇಕು.

ಅವನು ಕಲಿಸುತ್ತಿದ್ದ ರೀತಿ ಸರಳ. ಅವನು ಒಂದು ಸಾಲು ಓದಬೇಕು, ಮಕ್ಕಳು ಒಟ್ಟಿಗೆ ಅದೇ ಸಾಲನ್ನು ಅಷ್ಟೇ ಗಟ್ಟಿಯಾಗಿ ಕೂಗಬೇಕು. ಹೊಳೆಯ ಮಕ್ಕಳು, ಆಚೆ ದಡಕ್ಕೆ ಕೂಗಿ ಕೂಗಿ ಬೆಳೆದ ಗಂಟಲು. ವರ್ಷ ತುಂಬುವುದರೊಳಗೆ ಅರಳು ಹುರಿದ ಹಾಗೆ ಓದತೊಡಗಿದರು. ಊರ ಹಿರಿಯನ ಮೊಮ್ಮಗನಂತೂ ಉಸಿರು ಬಿಡದೆ ಒಂದು ಪುಟ ಮುಗಿಸುತ್ತಿದ್ದ. ಕೆಲಸ ಬಿಟ್ಟು ತಂದೆತಾಯಿಗಳು ಬಂದು ಚಪ್ಪರದ ಸುತ್ತ ನಿಲ್ಲುತ್ತಿದ್ದರು. ಕೈಮುಗಿದು ಕೇಳುತ್ತಿದ್ದರು. ಮದುವೆಯಲ್ಲಿ ಪುರೋಹಿತ ಮಂತ್ರ ಹೇಳುವಾಗ ಅವರು ನಿಲ್ಲುವುದೂ ಹೀಗೆಯೇ. ಮಂತ್ರದ ಅರ್ಥ ಕೇಳುವುದು ಅವರಲ್ಲಿ ಉದ್ಧಟತನ. ಕಿವಿಗೆ ಬಿದ್ದರೆ ಸಾಕು, ಫಲ ತಾನಾಗಿ ಬರುತ್ತದೆ ಎಂದು ಅವರ ತಿಳುವಳಿಕೆ. ಉಪಾಧ್ಯಾಯನಿಗೆ ಆ ಮುಗಿದ ಕೈಗಳನ್ನು ಕಂಡರೆ ಕಣ್ಣು ತುಂಬಿ ಬರುತ್ತಿತ್ತು.

ಒಬ್ಬಳು ಹುಡುಗಿ ಮಾತ್ರ ಅವನ ಎದೆಯ ಮುಳ್ಳಾಗಿದ್ದಳು. ಅವಳು ಒಂದು ಪದ ಓದಿ ನಿಲ್ಲುವಳು. ತಲೆ ಎತ್ತಿ, "ಎಂದರೆ ಏನು?" ಎಂದು ಕೇಳುವಳು. ಅರಮನೆಯ ಮಾತಿನಲ್ಲಿ ಅವಳು ಮೊದಲು ಕಲಿತದ್ದು ಈ ಎರಡು ಪದ. ನದಿ ಎಂದು ಓದಿದರೆ, ಎಂದರೆ ಏನು? ನದಿ ಎಂದರೆ ನದಿ, ಮುಂದೆ ಓದು ಎಂದು ಉಪಾಧ್ಯಾಯ ಗದರುವನು. ನದಿ ಅವನ ಬೆನ್ನ ಹಿಂದೆಯೇ ಇತ್ತು. ಅವನು ತಿರುಗಿ ಕೈ ಮಾಡಿ ತೋರಿಸಲಿಲ್ಲ. ಹುಡುಗಿ ಆ ಪದವನ್ನು ತನ್ನ ಮಾತಿನಲ್ಲಿ ಏನನ್ನಬಹುದೆಂದು ಪಕ್ಕದವಳನ್ನು ಮೆಲ್ಲಗೆ ಕೇಳುವಳು. ಆಗ ಕಟ್ಟುಪಾಡು ಮುರಿದ ಹಾಗಾಗುತ್ತಿತ್ತು. ಮೊದಲ ವರ್ಷ ವಾರಕ್ಕೊಮ್ಮೆ ಹೊರಗೆ ಕೂತಳು. ಮೂರನೆಯ ವರ್ಷ ದಿನವೂ ಅಲ್ಲೇ. ಕೊನೆಗೆ ಹೇಳಿಸಿಕೊಳ್ಳದೆ ತಾನಾಗಿ ಹೋಗಿ ಬಿಸಿಲಿನಲ್ಲಿ ಕೂರತೊಡಗಿದಳು.

ಹೊರಗೆ ಗಾಡಿಗಳು ನಿಲ್ಲುತ್ತಿದ್ದವು. ಹಣ್ಣು ಕೊಳ್ಳಲು ಬರುವ ಗಾಡಿಯವರು ಅರಮನೆಯ ಸೀಮೆಯವರು. ಮರಳಿಗೆ ಗಾಡಿ ಇಳಿಸಬೇಡ, ದಡಕ್ಕೆ ಹತ್ತಿಸು ಎಂದು ಒಬ್ಬರಿಗೊಬ್ಬರು ಕೂಗುತ್ತಿದ್ದರು. ಕೂಗುವಾಗ ಕೈ ಮಾಡಿ ತೋರಿಸುತ್ತಿದ್ದರು. ಒಳಗೆ ಪಾಠ ನಡೆಯುತ್ತಿದ್ದಾಗ ಹುಡುಗಿ ಗಾಡಿಯವರ ಕೈ ನೋಡುತ್ತಿದ್ದಳು. ಉಪಾಧ್ಯಾಯ ಅದನ್ನು ಕಂಡು, ಇವಳ ತಲೆ ಗಾಡಿಯ ಎತ್ತುಗಳ ಮೇಲಿದೆ ಎಂದುಕೊಂಡ.

ಮೂರನೆಯ ವರ್ಷ ಒಬ್ಬ ಅಧಿಕಾರಿ ಶಾಲೆ ನೋಡಲು ಬಂದ. ಮಕ್ಕಳು ಓದಿದರು. ಅಧಿಕಾರಿ ತಲೆದೂಗಿದ. ಅರಮನೆಯ ಆಜ್ಞೆಯನ್ನು ಕೊಟ್ಟರೂ ಇವರು ಓದುತ್ತಾರೆಯೇ ಎಂದು ಕೇಳಿದ. ಉಪಾಧ್ಯಾಯನ ಎದೆ ಉಬ್ಬಿತು. ನೀರು ಕುಡಿದ ಹಾಗೆ ಓದುತ್ತಾರೆ ಎಂದ. ಹಾಗಾದರೆ ಇನ್ನು ಡಂಗುರವೇಕೆ, ಎರಡು ಮಾತಿನ ಮುದುಕನೇಕೆ ಎಂದು ಅಧಿಕಾರಿ ದಡದ ಮೇಲೆ ಒಂದು ಕಂಬ ನೆಡಿಸಿದ. ಇನ್ನು ಮುಂದೆ ಆಜ್ಞೆಗಳನ್ನು ಇದಕ್ಕೆ ತೂಗುಹಾಕುತ್ತೇವೆ, ನಿಮ್ಮ ಮಕ್ಕಳೇ ಓದಿ ಹೇಳುತ್ತಾರೆ ಎಂದ. ಮುದುಕ ತನ್ನ ಕೋಲು ಹಿಡಿದು ಊರಿಗೆ ಹೋದ. ಉಪಾಧ್ಯಾಯನಿಗೆ ಶಾಲು ಹೊದಿಸಬೇಕೆಂದು ರಾಜಧಾನಿಯಿಂದ ಕರೆ ಬಂತು. ಅವನು ಎಂಟು ದಿನ ಶಾಲೆಗೆ ರಜೆ ಕೊಟ್ಟು ಹೋದ.

ಅವನು ಹೋದ ಮೇಲೆ ಆಜ್ಞೆ ಬಂತು. ನಡೆದದ್ದು ಅವನಿಗೆ ಆಮೇಲೆ ತಿಳಿಯಿತು. ಹಿರಿಯನ ಮೊಮ್ಮಗ ಕಂಬದ ಕೆಳಗೆ ನಿಂತು ಆಜ್ಞೆಯನ್ನು ಒಂದು ಅಕ್ಷರ ತಪ್ಪದೆ ಓದಿದ. ಇನ್ನೂರು ಜನ ಕೈಮುಗಿದು ಕೇಳಿದರು. ಅರಮನೆಯ ಮಾತು ತಮ್ಮ ಮನೆಯ ಹುಡುಗನ ಬಾಯಲ್ಲಿ ಬಂತೆಂದು ಅಜ್ಜಿಯರು ಲಟಿಕೆ ಮುರಿದರು. ಆ ವರ್ಷದ ಮೊದಲ ಹಣ್ಣನ್ನು ಅವನಿಗೆ ಕೊಟ್ಟರು. ಕಂಬಕ್ಕೆ ಅರಿಶಿನ ಬಳಿದು ಚೆಂಡುಹೂವಿನ ಹಾರ ಹಾಕಿದರು. ಆಮೇಲೆ ಕೊಡ ಎತ್ತಿಕೊಂಡು ಬಳ್ಳಿಗೆ ನೀರು ಹುಯ್ಯಲು ಹೋದರು.

ಉಪಾಧ್ಯಾಯ ಹುಣ್ಣಿಮೆಯ ರಾತ್ರಿಯನ್ನು ದಾರಿಯ ಛತ್ರದಲ್ಲಿ ಕಳೆದು ಬೆಳಿಗ್ಗೆ ದಡಕ್ಕೆ ಬಂದ. ಹೆಗಲ ಮೇಲೆ ಶಾಲು ಇತ್ತು. ದೂರದಿಂದಲೇ ಕಂಬದ ಹಾರ ಕಂಡು ಖುಷಿಪಟ್ಟ. ಕಂಬದ ಬುಡದಲ್ಲಿ ಆ ಹುಡುಗಿ ಎಳೆಯ ತಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಶಾಲೆಗೆ ರಜೆ ಇದ್ದರೂ ಇವಳು ಹೊರಗೇ ಕೂತಿದ್ದಾಳಲ್ಲ ಎಂದು ಅವನಿಗೆ ನಗು ಬಂತು. ತಲೆ ಎತ್ತಿ ಆಜ್ಞೆ ಓದಿದ.

ಕೆರೆಯ ಏರಿಯಲ್ಲಿ ಬಿರುಕು ಕಂಡಿರುವುದರಿಂದ ಹುಣ್ಣಿಮೆಯ ಮಾರನೆಯ ದಿನ, ಹೊತ್ತು ಮಾರುದ್ದ ಏರಿದಾಗ ತೂಬು ತೆರೆಯಲಾಗುವುದು. ಮರಳಿನ ಮೇಲಿರುವವರೆಲ್ಲ ಅದಕ್ಕೆ ಮೊದಲೇ ದಡ ಸೇರತಕ್ಕದ್ದು.

ಅವನು ಸೂರ್ಯನನ್ನು ನೋಡಿದ. ಮಾರುದ್ದಕ್ಕೆ ಒಂದು ಗೇಣು ಕಡಿಮೆ ಇತ್ತು. ತೂಬಿನಿಂದ ಇಲ್ಲಿಗೆ ನೀರು ಬರಲು ಒಲೆಯ ಮೇಲಿಟ್ಟ ಅನ್ನ ಬೇಯುವಷ್ಟು ಹೊತ್ತು ಸಾಕು. ಕೆಳಗೆ ನೋಡಿದ. ಮರಳಿನ ತುಂಬ ಜನ. ಹೆಂಗಸರು ಕೊಡ ಹೊತ್ತಿದ್ದರು, ಮುದುಕರು ಕಳೆ ಕೀಳುತ್ತಿದ್ದರು, ಚಾಪೆಯ ನೆರಳಿನಲ್ಲಿ ಕೂಸುಗಳು ಮಲಗಿದ್ದವು. ಒಬ್ಬರೂ ಗಂಟು ಕಟ್ಟಿರಲಿಲ್ಲ.

ಓಡಿದ. ಮರಳಿಗೆ ಇಳಿದವನೇ ಕೂಗಿದ, "ನೀರು ಬರುತ್ತದೆ, ದಡಕ್ಕೆ ಏರಿ!"

ಜನ ತಲೆ ಎತ್ತಿದರು. ಮಾಸ್ತರು ಬಂದರೆಂದು ಮುಖ ಅರಳಿತು. ಕೊಡ ಕೆಳಗಿಟ್ಟು ಕೈಮುಗಿದರು. ಬಳ್ಳಿಗಳ ನಡುವೆ ಆಡುತ್ತಿದ್ದ ಮಕ್ಕಳೆಲ್ಲ ಓಡಿಬಂದು ಸಾಲಾಗಿ ನಿಂತರು. ಗುರು ಕೂಗಿದರೆ ತಾವು ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಮೂವತ್ತು ಗಂಟಲು ಒಟ್ಟಿಗೆ ಕೂಗಿದವು, ನೀರು ಬರುತ್ತದೆ, ದಡಕ್ಕೆ ಏರಿ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಉಪಾಧ್ಯಾಯ ಮತ್ತೆ ಕೂಗಿದ. ಮಕ್ಕಳು ಮತ್ತೆ ಕೂಗಿದರು, ಇನ್ನೂ ಗಟ್ಟಿಯಾಗಿ. ತಾಯಂದಿರು ಹೆಮ್ಮೆಯಿಂದ ನಿಂತು ನೋಡಿದರು. ಅವನು ಶಾಲು ತೆಗೆದು ದಡದ ಕಡೆ ಬೀಸಿದ. ಊರ ಹಿರಿಯ ಹತ್ತಿರ ಬಂದು ಶಾಲಿನ ಅಂಚನ್ನು ಕಣ್ಣಿಗೆ ಒತ್ತಿಕೊಂಡ. ಉಪಾಧ್ಯಾಯ ಹೊಳೆಯ ಮೇಲ್ಗಡೆಗೆ ಕೈ ತೋರಿಸಿದ. ಎಲ್ಲರೂ ಆ ಕಡೆ ತಿರುಗಿದರು. ಒಣ ಮರಳು ಬೆಳ್ಳಗೆ ಬಿದ್ದಿತ್ತು. ಅವರು ತಿರುಗಿ ಅವನನ್ನೇ ನೋಡಿದರು. ಅವನು ಒಬ್ಬ ಹೆಂಗಸಿನ ತೋಳು ಹಿಡಿದು ದಡದ ಕಡೆ ಎಳೆದ. ಅವಳು ಕೊಸರಿಕೊಂಡಳು. ಅವಳ ಗಂಡ ನಡುವೆ ಬಂದು ನಿಂತ. ಮೊದಲ ಸಲ ಆ ಮುಖಗಳಲ್ಲಿ ನಗು ಮಾಸಿತು.

ಅವನು ಹಿರಿಯನ ಮೊಮ್ಮಗನ ಎರಡೂ ಭುಜ ಹಿಡಿದು ಅಲ್ಲಾಡಿಸಿದ. "ಹೇಳು, ನಿನ್ನ ತಾತನಿಗೆ ಹೇಳು."

ಹುಡುಗ ಎದೆ ಸೆಟೆದು ನಿಂತು ಕೂಗಿದ, ಹೇಳು, ನಿನ್ನ ತಾತನಿಗೆ ಹೇಳು. ಉಳಿದವರು ಅದನ್ನೇ ಕೂಗಿದರು.

ಉಪಾಧ್ಯಾಯ ಅವರ ಮಾತಿನಲ್ಲೇ ಹೇಳಲು ನೋಡಿದ. ಈ ಜನರ ಮಾತಿನಲ್ಲಿ ನೀರಿಗೆ ಏನನ್ನುತ್ತಾರೆ? ಓಡಿ ಎನ್ನುವುದಕ್ಕೆ ಏನನ್ನುತ್ತಾರೆ? ಮೂರು ವರ್ಷ ಅವರು ಕೊಟ್ಟ ನೀರು ಕುಡಿದಿದ್ದ. ಒಂದು ಮಾತೂ ನೆನಪಿಗೆ ಬರಲಿಲ್ಲ. ನೆನಪಿಗೆ ಬರಲು ಅದು ಎಂದೂ ಅವನೊಳಗೆ ಹೋಗಿರಲಿಲ್ಲ. ಅವನ ಮುಂದೆ ಆ ಮಾತನ್ನು ಆಡಬಾರದೆಂದು ಅವನೇ ಕಟ್ಟುಪಾಡು ಮಾಡಿದ್ದ.

ಆಗ ಬೆನ್ನ ಹಿಂದೆ ಒಂದು ಸಣ್ಣ ದನಿ ಕೇಳಿತು.

"ತೂಬು ಎಂದರೆ ಏನು?"

ತಂಗಿಯನ್ನು ಸೊಂಟದ ಮೇಲೆ ಹೊತ್ತು ಆ ಹುಡುಗಿ ದಡದಿಂದ ಇಳಿದು ಬಂದಿದ್ದಳು. ರೂಢಿಯ ಬಲದಿಂದ ಉಪಾಧ್ಯಾಯನಿಗೆ ಮೊದಲು ಸಿಟ್ಟೇ ಬಂತು. ಈ ಹುಡುಗಿ ಯಾಕೆ ದಡದ ಮೇಲೆ ಕೂತಿದ್ದಳೆಂದು ಆಮೇಲೆ ಹೊಳೆಯಿತು. ಹುಣ್ಣಿಮೆ, ಹೊತ್ತು, ಮರಳು, ದಡ. ನಾಲ್ಕು ದಿನ ಕಂಬದ ಕೆಳಗೆ ನಿಂತು, ಗಾಡಿಯವರಿಂದ ಕಲಿತದ್ದರ ಬಲದಿಂದ ಒಂದೊಂದೇ ಪದವನ್ನು ಅವಳು ಮನೆಯ ಮಾತಿಗೆ ತಂದುಕೊಂಡಿದ್ದಳು. ಇಂದು ಬೆಳಿಗ್ಗೆ ಎಲ್ಲರೂ ದಡಕ್ಕೆ ಹೋಗಬೇಕಂತೆ ಎಂದು ತಾಯಿಗೆ ಹೇಳಿದ್ದಳು. ಯಾಕೆ ಎಂದು ತಾಯಿ ಕೇಳಿದ್ದಳು. ಅದು ಹುಡುಗಿಗೆ ಗೊತ್ತಿರಲಿಲ್ಲ. ತೂಬು ಎಂಬ ಅದೊಂದು ಪದ ಗಾಡಿಯವರ ಬಾಯಲ್ಲಿ ಬಂದಿರಲಿಲ್ಲ. ತಾಯಿ ನಕ್ಕು ಕೊಡ ಎತ್ತಿಕೊಂಡು ಹೋದಳು. ಹುಡುಗಿ ತನಗೆ ತಿಳಿದಷ್ಟನ್ನು ನಂಬಿ, ತಂಗಿಯನ್ನು ಎತ್ತಿಕೊಂಡು ದಡ ಹತ್ತಿ ಕೂತಿದ್ದಳು. ಕೇಳೋಣವೆಂದರೆ ಗುರು ಊರಲ್ಲಿರಲಿಲ್ಲ. ಇದ್ದಿದ್ದರೂ ಕೇಳಲು ಅವಳಿಗೆ ಧೈರ್ಯ ಬರುತ್ತಿರಲಿಲ್ಲ.

ಈಗ ಕೇಳಿದಳು. ಪಕ್ಕದಲ್ಲೇ ಒಂದು ಒರತೆ ಇತ್ತು, ಸುತ್ತ ಮರಳಿನ ಒಡ್ಡು, ಒಳಗೆ ತುಂಬಿದ ನೀರು. ಉಪಾಧ್ಯಾಯ ಒಡ್ಡಿಗೆ ಕಾಲಿನಿಂದ ಒದ್ದ. ಒಡ್ಡು ಒಡೆಯಿತು. ನೀರು ನುಗ್ಗಿ ಕೆಳಗಿನ ಗುಣಿಯ ಬಳ್ಳಿಯನ್ನು ಬೇರುಸಹಿತ ಕಿತ್ತೊಯ್ದಿತು. ಅವನು ಒಡೆದ ಒಡ್ಡನ್ನು ತೋರಿಸಿದ. ಹೊಳೆಯ ಮೇಲ್ಗಡೆಯನ್ನು ತೋರಿಸಿದ. ಮರಳಿನ ಮೇಲಿದ್ದ ಜನರನ್ನು ತೋರಿಸಿದ. ಅಷ್ಟು ಮಾಡುವುದರೊಳಗೆ ಅವನು ಅಳುತ್ತಿದ್ದ.

ಹುಡುಗಿ ಬಳ್ಳಿಯನ್ನು ನೋಡಿದಳು. ಮೇಲ್ಗಡೆ ನೋಡಿದಳು. ತನ್ನ ಮಾತಿನಲ್ಲಿ ಒಂದೇ ಒಂದು ಸಲ ಕೂಗಿದಳು.

ಇಡೀ ಮರಳು ಎದ್ದು ನಿಂತಿತು. ಕೊಡಗಳು ಬಿದ್ದವು. ಕೂಸುಗಳನ್ನು ಬಾಚಿಕೊಂಡರು. ಕುರುಡು ಮುದುಕನೊಬ್ಬನನ್ನು ಆ ಗಂಡಸೇ, ನಡುವೆ ಬಂದು ನಿಂತಿದ್ದವನೇ, ಹೆಗಲ ಮೇಲೆ ಹೊತ್ತ. ಕೊನೆಯವರ ಕಾಲು ದಡದ ಹುಲ್ಲು ಮುಟ್ಟುವಾಗ ಮೊದಲು ಸದ್ದು ಬಂತು, ಆಮೇಲೆ ನೀರು ಬಂತು. ಗುಡಿಸಲುಗಳು ಹೋದವು. ಬಳ್ಳಿ, ಕಾಯಿ, ಅರೆಬಲಿತ ಹಣ್ಣು ಎಲ್ಲವೂ ಹೋಯಿತು. ತಲೆ ಎಣಿಸಿದರು. ಎಲ್ಲರೂ ಇದ್ದರು.

ಜನ ಹೋದ ಬೆಳೆಯನ್ನು ನೋಡುತ್ತ ಕೂತರು. ಆಮೇಲೆ ಉಪಾಧ್ಯಾಯನ ಕಡೆ ತಿರುಗಿ ಏನೇನೋ ಅಂದರು. ಬೈದರೋ, ಹರಸಿದರೋ, ಅವನಿಗೆ ತಿಳಿಯಲಿಲ್ಲ. ಬೈಗುಳವಾದರೂ ತಿಳಿಯಬಾರದಿತ್ತೇ ಎಂದುಕೊಂಡ. ಎದ್ದು ಹೋಗಿ ಆ ಹುಡುಗಿಯ ಮುಂದೆ ನೆಲದ ಮೇಲೆ ಕೂತ. ನೀನು ಕೂಗಿದ ಮಾತು ಯಾವುದು ಎಂದು ಕೇಳಿದ. ಅವಳು ಹೇಳಿದಳು. ಅವನು ಹಾಗೆಯೇ ಅನ್ನಲು ನೋಡಿದ. ನಾಲಿಗೆ ತೊಡರಿತು. ಸುತ್ತ ಇದ್ದ ಮಕ್ಕಳು ನಕ್ಕರು. ಹುಡುಗಿ ನಗಲಿಲ್ಲ. ಮತ್ತೊಮ್ಮೆ ಹೇಳಿದಳು, ಹೇಳುತ್ತ ನೀರಿನ ಕಡೆ ಕೈ ತೋರಿಸಿದಳು. ಅವನು ಮತ್ತೊಮ್ಮೆ ತಪ್ಪಿದ. ಹೊತ್ತು ಮುಳುಗುವವರೆಗೂ ಅವನಿಗೆ ಅದು ಬರಲಿಲ್ಲ. ಅಷ್ಟು ಹೊತ್ತೂ ಅವಳು ಎದುರಿಗೇ ಕೂತಿದ್ದಳು. ಅವಳು ಅವನನ್ನು ಹೊರಗೆ ಕಳುಹಿಸಲಿಲ್ಲ.

ಅಜ್ಜನವರು ಕತೆ ಮುಗಿಸಿ ಬೀಜಗಳನ್ನು ಒಂದು ಕಡೆ ಸರಿಸಿದರು. ದೂರದ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿತು. ಕಟ್ಟೆಯ ಮೇಲೆ ತಂದೆ ಎದ್ದು ನಿಂತ. ಜಮಲಿ ಗಂಟನ್ನು ಎದೆಗೆ ಅವಚಿಕೊಂಡು ಒಳಗೆ ನೋಡುತ್ತಿದ್ದಳು.

ರಾಚಯ್ಯನಿಗೆ ಕತೆಯ ಉಪಾಧ್ಯಾಯನ ಮೇಲೆ ಸಿಟ್ಟು ಬಂದಿತ್ತು. "ಮೂರು ವರ್ಷ ಅವ್ರ ನಡುವ ಇದ್ದು ನೀರಿಗೆ ಏನಂತಾರ ಅನ್ನೋದು ಗೊತ್ತಿಲ್ಲದ ಮಾಸ್ತರ ಎಲ್ಲ್ಯರ ಇರ್ತಾನೇನ್ರಿ, ಅಜ್ಜಾರ?"

ಅಜ್ಜನವರು ಕಟ್ಟೆಯ ಕಡೆ ನೋಡಿ ಕೇಳಿದರು, "ಜಮಲಿ ಮನ್ಯಾಗ ನೀರಿಗೆ ಏನಂತಾಳ, ರಾಚಯ್ಯ?"